ನೀಲಕ್ಕನ ಕಿವಿ

ಅಪ್ಪ ಕಾರನ್ನು ಬೈಯುವ ದನಿ ಕೇಳಿಸಿದರೆ ನಮ್ಮ ಮನೆಯಲ್ಲಿ ಬೆಳಗಾಯಿತೆಂದು ಲೆಕ್ಕ. ಶಹಾಪುರದ ಆ ಓಣಿಯ ಎಲ್ಲ ಮನೆಗಳಂತೆ ನಮ್ಮದೂ ಕಲ್ಲಿನ ಮನೆ. ಬಂಡಿ ಹಾಯುವಷ್ಟು ಅಗಲದ ದೊಡ್ಡ ಬಾಗಿಲು ದಾಟಿದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಕೂಡುವ ಕಟ್ಟೆ, ಎದುರಿಗೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕಣ್ಣು ಕಾಣದ ನಡುಮನೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಬೇರೆಯವರ ಕೊಟ್ಟಿಗೆಯಲ್ಲಿ ಎತ್ತು ಇರುತ್ತಿದ್ದವು, ನಮ್ಮ ಕೊಟ್ಟಿಗೆಯಲ್ಲಿ ಕಾರು ಇತ್ತು. ಎತ್ತುಗಳು ಮೇವು ತಿನ್ನುತ್ತಿದ್ದ ಕಲ್ಲಿನ ಗೋದಲಿಯನ್ನು ಅಪ್ಪ ಕೀಳಿಸಿರಲಿಲ್ಲ; ಪಾನಾ, ಸ್ಕ್ರೂಡ್ರೈವರು, ಹಳೆಯ ಪ್ಲಗ್ಗುಗಳನ್ನೆಲ್ಲ ಅದರಲ್ಲೇ ಹಾಕಿಡುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, ಅಮಾವಾಸ್ಯೆ ಬಂದರೆ ಎತ್ತಿಗೆ ಹಚ್ಚುತ್ತಿದ್ದ ಹಾಗೆಯೇ ಕಾರಿನ ಹಣೆಗೆ ವಿಭೂತಿ ಹಚ್ಚಿ, ಬಾನೆಟ್ಟಿನ ಮೇಲೆ ಒಂದು ಹಿಡಿ ಜೋಳ ಇಡುತ್ತಿದ್ದಳು. ಜೋಳ ಗುಬ್ಬಿ ತಿನ್ನುತ್ತಿದ್ದವು, ಕಾರು ತಿಂದಿತೆಂದು ಆಯಿ ತಿಳಿಯುತ್ತಿದ್ದಳು.

ಅದು ಕಾಲುವೆ ಅಗೆಯುತ್ತಿದ್ದ ಕಾಲ. ಎಲ್ಲಿ ನೋಡಿದರೂ ಕೆಂಪು ಧೂಳು, ಕ್ಯಾಂಪಿನ ತಗಡಿನ ಮನೆಗಳು, ಊರ ಹೆಸರು ತಿಳಿಯದ ಓವರ್‌ಸೀಯರುಗಳು. ಊರಿಗೆ ಮರಳುತ್ತಿದ್ದ ಒಬ್ಬ ಗುತ್ತಿಗೆದಾರ ತನ್ನ ಹಳೆಯ ಕಾರು ಮಾರುತ್ತೇನೆಂದಾಗ ಅಪ್ಪ ಎತ್ತು ಮಾರಿ ಅದನ್ನು ತಂದ. ಕ್ಯಾಂಪಿನವರನ್ನು ಯಾದಗಿರಿ ಸ್ಟೇಷನ್ನಿಗೆ ಮುಟ್ಟಿಸುವುದು, ವನದುರ್ಗದ ಕಡೆ ಕೆಲಸ ನೋಡಲು ಕರೆದೊಯ್ಯುವುದು, ಇದೇ ಅಪ್ಪನ ಹೊಸ ದುಡಿಮೆ. ಮೊದಲು ಅದು ಹಾಲಿನಂಥ ಬಿಳುಪಿತ್ತಂತೆ. ನಮಗೆ ಸಿಕ್ಕಾಗ ಜೋಳದ ರೊಟ್ಟಿಯ ಬಣ್ಣಕ್ಕೆ ಬಂದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅಪ್ಪನಿಗೆ ಆ ಕಾರು ಹಾಗೆ. ತಾನು ಬಾಯಿಗೆ ಬಂದದ್ದು ಬೈಯುತ್ತಿದ್ದ, ಬೇರೆ ಯಾರಾದರೂ ಒಂದು ಮಾತು ಅಂದರೆ ಮುಖ ಊದಿಸಿಕೊಂಡು ಊಟ ಬಿಡುತ್ತಿದ್ದ.

ಅದು ತಾನಾಗಿ ಸ್ಟಾರ್ಟ್ ಆದ ಬೆಳಗು ನನಗೆ ನೆನಪಿಲ್ಲ. ಅಪ್ಪ ಚೋಕ್ ಎಳೆದು ಕೀಲಿ ತಿರುಗಿಸುತ್ತಿದ್ದ. ಅದು ಮುದುಕರು ಕೆಮ್ಮಿದ ಹಾಗೆ ಕೆಮ್ಮಿ ಸುಮ್ಮನಾಗುತ್ತಿತ್ತು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವುತ್ತಿದ್ದ. ಅದಕ್ಕೂ ಬಗ್ಗದಿದ್ದರೆ ಮನೆಮಂದಿಯೆಲ್ಲ ದಬ್ಬಬೇಕು. ಅವ್ವ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಕೈಯ ಹಿಟ್ಟು ಕೊಡವಿಕೊಂಡು ಬರುತ್ತಿದ್ದಳು. ಅಕ್ಕ, ನಾನು, ಓಣಿಯಲ್ಲಿ ಹಲ್ಲುಜ್ಜುತ್ತ ನಿಂತವರು, ಎಲ್ಲ ಸೇರಿ ಹನುಮಪ್ಪನ ಗುಡಿಯ ಇಳಿಜಾರಿನವರೆಗೆ ದಬ್ಬಿದರೆ ಅಲ್ಲೆಲ್ಲೋ ಅದಕ್ಕೆ ಜೀವ ಬರುತ್ತಿತ್ತು.

"ಎತ್ತಿದ್ದಾಗ ಅವು ನಮ್ಮನ್ನ ಎಳೀತಿದ್ವು. ಈಗ ನಾವು ಇದನ್ನ ಎಳಿಯಾಕತ್ತೀವಿ," ಎಂದು ಅವ್ವ ಅಂದರೆ,

"ಎಳಿಯಾದೆಲ್ಲಿ, ದಬ್ಬಾದು. ಮಾತು ಸರಿ ಆಡು," ಎಂದು ಅಪ್ಪ ಕಾರಿನೊಳಗಿನಿಂದಲೇ ತಿದ್ದುತ್ತಿದ್ದ.

ಸ್ಟಾರ್ಟ್ ಆದ ಮೇಲೆ ಸದ್ದುಗಳ ಪಂಚಾಯಿತಿ. ಆ ಕಾರಿನಲ್ಲಿ ಹಾರ್ನ್ ಒಂದು ಬಿಟ್ಟು ಎಲ್ಲವೂ ಸದ್ದು ಮಾಡುತ್ತಿತ್ತು ಎಂದು ಓಣಿಯವರು ನಗುತ್ತಿದ್ದರು. ಅವ್ವನಿಗೆ ಎಲ್ಲ ಸದ್ದೂ ಅಡುಗೆಮನೆಯವು: ಇದು ಬ್ಯಾಳಿ ಕುದಿಯುವ ಸದ್ದು, ಇದು ಒಗ್ಗರಣೆಯದು. ಆಯಿಗೆ ಎಲ್ಲವೂ ಜಡ್ಡು: ಅದಕ್ಕೆ ನೆಗಡಿ ಆಗ್ಯಾದ, ಅದರ ಹೊಟ್ಟಿ ಉಬ್ಬ್ಯಾದ, ಓಮಿನ ಕಾಳು ಕುದಿಸಿ ಹಾಕು. ಅಪ್ಪನಿಗೆ ಮಾತ್ರ ಯಾವ ಸದ್ದು ಬಂದರೂ ಪೆಟ್ರೋಲಿನದೇ ತಪ್ಪು, ಸೀಮೆಎಣ್ಣೆ ಬೆರೆಸಿದ್ದಾರೆ ಎಂದೇ ವಾದ. "ಕುಣೀಲಾರದಾಕಿ ನೆಲ ಡೊಂಕಂದ್ಲಂತ" ಎಂದು ಅವ್ವ ಒಳಗಿನಿಂದ ಅನ್ನುವಳು. ಅಲ್ಲಿಗೆ ಇಬ್ಬರಿಗೂ ಹತ್ತಿಕೊಳ್ಳುವುದು. ಕಡೆಗೆ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ನೀಲಕ್ಕನ ಕಡೆಗೆ.

ನೀಲಕ್ಕ ನನ್ನ ಅಕ್ಕ. ನನಗಿಂತ ಬಹಳ ದೊಡ್ಡವಳು, ನನ್ನ ಪಾಲಿಗೆ ಅರ್ಧ ಅವ್ವ. ನನ್ನ ತಲೆ ಬಾಚಿ ಜಡೆ ಹಾಕುವವಳು ಅವಳು, ಜ್ವರ ಬಂದರೆ ಹಣೆಯ ಮೇಲೆ ಕೈಯಿಟ್ಟು ಕೂಡುವವಳು ಅವಳು. ದೇವರು ಅವಳಿಗೆ ಕೊಟ್ಟ ಕಿವಿ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ರಿಪೇರಿ ಮಾಡುತ್ತಿದ್ದ ಖಾಜಾ ಮಾಮಾ ಅಪ್ಪನ ಗೆಳೆಯ. ಆತ ಮನೆಗೆ ಬಂದು ಬಾನೆಟ್ ತೆಗೆದರೆ ಅಕ್ಕ ಚಹಾ ಕೊಡುವ ನೆವದಲ್ಲಿ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಆತ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಹಚ್ಚಿ ಹಿಡಿಕೆ ಕಿವಿಗಿಟ್ಟುಕೊಂಡು ಒಳಗಿನ ಸದ್ದು ಕೇಳುವುದನ್ನು ನೋಡಿದಳು. ಮರುದಿನದಿಂದ ಅಕ್ಕನೂ ಶುರು ಮಾಡಿದಳು, ಅವ್ವನ ಹೋಳಿಗೆಯ ಲಟ್ಟಣಿಗೆಯಿಂದ. ಅದರ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಕೇಳುವಾಗ ಎಡಗಣ್ಣು ಮುಚ್ಚಿ ಉಸಿರು ಹಿಡಿಯುತ್ತಿದ್ದಳು. ಆ ವರ್ಷದ ಹೋಳಿಗೆಗೆ ಎಂಜಿನ್ ಎಣ್ಣೆಯ ವಾಸನೆ ಬಂತೆಂದು ಅವ್ವ ಲಟ್ಟಣಿಗೆಯಲ್ಲೇ ಅವಳನ್ನು ಅಟ್ಟಿಸಿಕೊಂಡು ಹೋಗಿದ್ದಳು.

"ಸದ್ದು ಏನಂತ ಕೇಳಬ್ಯಾಡ ತಂಗಿ, ಯಾವಾಗ ಬರ್ತದ ಅಂತ ಕೇಳು," ಎಂದು ಅಕ್ಕ ನನಗೆ ಹೇಳಿಕೊಡುತ್ತಿದ್ದಳು. "ನಿಂತಾಗ ಬಂದ್ರ ಎಂಜಿನ್ನಿಂದು. ಇಳಿಜಾರಿನ್ಯಾಗ ಗೇರ್ ತಗದು ಬಿಟ್ಟಾಗೂ ಬಂದ್ರ ಗಾಲೀದು. ತಣ್ಣಗಿದ್ದಾಗ ಹಟ ಮಾಡಿದ್ರ ಕರೆಂಟಿಂದು, ಕಾದಾಗ ಹಟ ಮಾಡಿದ್ರ ಪೆಟ್ರೋಲಿಂದು."

ಒಂದು ಸಲ ಆಯಿಯ ತವರೂರು ಕೊಂಕಲ್‌ಗೆ ಹೊರಟಾಗ ಹಿಂದಿನಿಂದ ಟಕ್ ಟಕ್ ಎಂದು ಹೊಸ ಸದ್ದು ಶುರುವಾಯಿತು. ಅಪ್ಪ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಗಾಲಿ ಒದ್ದು ನೋಡಿದ. ಊರಿಗೆ ಬಂದ ಮೇಲೆ ಖಾಜಾ ಮಾಮಾ ಕಾರಿನ ಕೆಳಗೆ ಮಲಗಿ ಇದ್ದಬದ್ದ ನಟ್ಟೆಲ್ಲ ಬಿಗಿದ. ಆತ ಓಡಿಸಿದಾಗ ಸದ್ದಿಲ್ಲ, ನಾವು ಹೋದಾಗ ಮತ್ತೆ ಟಕ್ ಟಕ್. ಅಪ್ಪನಿಗೆ ತಲೆ ಕೆಟ್ಟು, ಕಾರಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂಬಲ್ಲಿಗೆ ಬಂತು. ಅಕ್ಕ ಮಾತ್ರ ಒಬ್ಬೊಬ್ಬರನ್ನೇ ಕೂರಿಸಿ, ಇಳಿಸಿ, ಓಡಿಸಲು ಹೇಳಿದಳು. ಆಯಿ ಇಳಿದ ಕೂಡಲೇ ಸದ್ದು ನಿಂತಿತು.

"ಆಯೀ, ನಿನ್ನ ಸೊಂಟದಾಗ ಏನದ?"

"ಏನದ? ನನ್ನ ಎಲಿ ಅಡಕಿ ಚೀಲ ಅದ."

ಚೀಲದಲ್ಲಿ ಕಬ್ಬಿಣದ ಅಡಕೊತ್ತು. ಕುಲುಕಿದಾಗಲೆಲ್ಲ ಅದು ಬಾಗಿಲ ಹಿಡಿಕೆಗೆ ಬಡಿಯುತ್ತಿತ್ತು. ನಾವು ಬಿದ್ದು ಬಿದ್ದು ನಕ್ಕೆವು. ಆಯಿಗೆ ಸಿಟ್ಟು ಬಂದು, ನಿಮ್ಮ ಕಾರು ಬ್ಯಾಡ, ನಿಮ್ಮ ನಗಿ ಬ್ಯಾಡ ಎಂದು ಬಹಳ ದಿನ ಬಸ್ಸಿನಲ್ಲೇ ಓಡಾಡಿದಳು. ಆ ನಗುವನ್ನು ಮತ್ತೊಮ್ಮೆ ಹಾಗೇ ಕೇಳಬೇಕೆಂದು ಈಗಲೂ ಆಸೆಯಾಗುತ್ತದೆ. ಮನೆಮಂದಿಯೆಲ್ಲ ಒಂದೇ ಕಾರಿನ ಸುತ್ತ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಕೊನೆಯಿರಬೇಕು.

ಅದೇ ಬೇಸಿಗೆ ನೀಲಕ್ಕನ ಮದುವೆ ಕೂಡಿಬಂತು. ಹುಡುಗ ಸುರಪುರದವನು, ಒಂದು ಕಚೇರಿಯಲ್ಲಿ ಕಾರಕೂನ. ಒಳ್ಳೆಯ ಮನೆತನ, ಒಳ್ಳೆಯ ಹುಡುಗ ಎಂದು ಎಲ್ಲರೂ ಅಂದರು. ನನಗೆ ಮಾತ್ರ ಅವನ ಮೇಲೆ ಸಿಟ್ಟೇ ಸಿಟ್ಟು. ಸುರಪುರ ಎಂದರೆ ಏನು ದೂರ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದು ಎಂದು ಆಯಿ ಸಮಾಧಾನ ಹೇಳುತ್ತಿದ್ದಳು. ಆದರೆ ನಮ್ಮಲ್ಲಿ ಕೊಟ್ಟ ಮಗಳ ಮನೆಗೆ ಕಾರಣವಿಲ್ಲದೆ ಹೋಗುವ ಹಾಗಿಲ್ಲ; ಬೀಗರ ಮನೆಯ ಹೊಸ್ತಿಲು ಸುಮ್ಮಸುಮ್ಮನೆ ತುಳಿದರೆ ಮಗಳ ಮರ್ಯಾದೆ ಹೋಗುತ್ತದೆ ಅನ್ನುತ್ತಿದ್ದರು. ಮೊದಲ ಸಲ ಕರೆತರುವುದು ನಾಗರಪಂಚಮಿಗೆ. ಪಂಚಮಿಯವರೆಗೆ ಅಕ್ಕ ಇಲ್ಲದ ಮನೆ ಹೇಗಿರುತ್ತದೆ ಎಂದು ನೆನೆದು ದಿನವಿಡೀ ಅವಳ ಸೆರಗು ಹಿಡಿದೇ ತಿರುಗುತ್ತಿದ್ದೆ.

ಮದುವೆಗೆ ಮುಂಚೆ ಮನೆಯಲ್ಲಿ ಜಗಳವಾದದ್ದು ಬಟ್ಟೆಗಲ್ಲ, ಬಂಗಾರಕ್ಕಲ್ಲ, ಕಾರಿಗೆ. ಮಗಳನ್ನು ಕಳಿಸಲು ಯಾದಗಿರಿಯಿಂದ ಒಳ್ಳೆಯ ಕಾರು ಬಾಡಿಗೆಗೆ ತರಿಸಿ ಎಂದು ಅವ್ವ ಹಟ ಹಿಡಿದಳು.

"ಬೀಗರ ಮುಂದ ಇದು ಕೈ ಕೊಟ್ರ ಏನ್ಮಾಡ್ತೀರಿ? ನಾಕು ಮಂದ್ಯಾಗ ಮಾನ ಹೋಗ್ತದ್ರಿ."

"ಹೊತ್ತಿಗೊಮ್ಮೆ ದಬ್ಬಿ ಇದನ್ನ ಸಾಕಿದಾಕಿ ನೀಲಾ. ನನ್ನ ಮಗಳು ನನ್ನ ಕಾರಿನ್ಯಾಗೇ ಹೋಗ್ತಾಳ. ಮುಗೀತು," ಎಂದ ಅಪ್ಪ. ಅವ್ವ ಸೆರಗು ಕೊಡವಿಕೊಂಡು ಒಳಗೆ ಹೋದಳು.

ಮನೆಯ ಮುಂದೆಯೇ ಹಂದರ. ಬಿಸಿಲು ಹೇಗಿತ್ತೆಂದರೆ ಕಾಲಿಟ್ಟಲ್ಲಿ ನೆಲ ಸುಡುತ್ತಿತ್ತು. ಅಪ್ಪ ಬೆಳಗಿನಿಂದ ಬೀಗರನ್ನು ಬಸ್‌ಸ್ಟ್ಯಾಂಡಿನಿಂದ ತರುವುದು, ಅವರ ಹಿರಿಯರನ್ನು ರಾಮಸಮುದ್ರದಿಂದ ತರುವುದು ಎಂದು ಕಾರಿಗೆ ಪುರುಸೊತ್ತೇ ಕೊಟ್ಟಿರಲಿಲ್ಲ. ಅಕ್ಷತೆ ಬಿತ್ತು, ಊಟವಾಯಿತು. ಸಾಮಾನು ತುಂಬಿದ ಜೀಪು ನಡೆಸಿಕೊಂಡು ಖಾಜಾ ಮಾಮಾ ಮುಂದೆ ಹೋದ. ಅವ್ವ ಅಕ್ಕನ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಕುಪ್ಪಸದ ಕಣ. ತುಂಬಿದ ಉಡಿಯೊಂದಿಗೆ ಹೊಸ್ತಿಲು ದಾಟಿದ ಮದುಮಗಳು ಗಂಡನ ಮನೆ ಮುಟ್ಟುವವರೆಗೆ ತವರಿನ ನೆಲಕ್ಕೆ ಮತ್ತೆ ಕಾಲಿಡಬಾರದು. ಅಕ್ಕ ಕಾರಿನಲ್ಲಿ ಕೂತಳು, ಪಕ್ಕದಲ್ಲಿ ಅವಳ ಗಂಡ, ಅವಳ ಅತ್ತೆ. ನಾನು ಕಿಟಕಿಯೊಳಗೆ ಕೈ ಹಾಕಿ ಅವಳ ಬೆರಳು ಹಿಡಿದುಕೊಂಡೆ. ಅಪ್ಪ ದೇವರ ಹೆಸರು ಹೇಳಿ ಕೀಲಿ ತಿರುಗಿಸಿದ.

ಎಂಜಿನ್ನು ಗರ್ ಗರ್ ಎಂದು ತಿರುಗಿತು. ಹತ್ತಲಿಲ್ಲ. ಅಪ್ಪ ಚೋಕ್ ಎಳೆದು ಮತ್ತೆ ತಿರುಗಿಸಿದ. ಇಳಿದು ಬಂದು ಹ್ಯಾಂಡಲ್ ಹಾಕಿ ತಿರುವಿದ. ಊಹೂಂ. ಹೊಸ ಧೋತರಕ್ಕೆ ಎಣ್ಣೆ ಹತ್ತಿತು, ಬೆವರಿಗೆ ಹಣೆಯ ಗಂಧ ಇಳಿದು ಮೂಗಿಗೆ ಬಂತು. ಓಣಿಯ ಗಂಡಸರು ದಿನದ ರೂಢಿಯಂತೆ ತೋಳೇರಿಸಿ ಕಾರಿನ ಹಿಂದೆ ಬಂದು ನಿಂತರು.

"ಏ, ಯಾರೂ ಕೈ ಹಚ್ಚಬ್ಯಾಡ್ರಿ!" ಎಂದು ಅವ್ವ ಚೀರಿದಳು. "ಮದುಮಗಳು ಕೂತಾಳ. ಮಗಳನ್ನ ತವರಮನಿಯಾಗಿಂದ ದಬ್ಬಿ ಕಳಸ್ತಾರೇನು?"

ಎಲ್ಲರೂ ಕೈ ಹಿಂತೆಗೆದರು. ಅವ್ವ ಅಂದದ್ದು ಸರಿ. ದಿನವೂ ದಬ್ಬಿಸಿಕೊಂಡ ಕಾರನ್ನು ಆ ಒಂದು ದಿನ ದಬ್ಬುವಂತಿರಲಿಲ್ಲ. ಹಂದರದ ಕೆಳಗೆ ಗುಸುಗುಸು ಶುರುವಾಯಿತು. ಇದೇನು ಶಕುನವೋ, ಹುಡುಗಿಯ ಕಾಲ್ಗುಣ ಹೇಗಿದೆಯೋ ಎಂದು ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ಅಕ್ಕನ ಅತ್ತೆ ಮುಖ ಗಂಟಿಕ್ಕಿಕೊಂಡು, ಆದರೂ ಮೆಲ್ಲಗೆ ಹೇಳಿದಳು:

"ಬೀಗರ, ಇನ್ನೇನು ರಾಹುಕಾಲ ಬರಾಕತ್ತಾದ. ಈಗ ಆಗಲಿಲ್ಲಂದ್ರ ಇವತ್ತ ಬ್ಯಾಡ್ರಿ. ಹುಡುಗಿ ಇಲ್ಲೇ ಇರಲಿ, ಒಳ್ಳೇ ದಿನ ನೋಡಿ ಬಂದು ಕರಕೊಂಡು ಹೋಗ್ತೀವಿ."

ಅಪ್ಪನ ಮುಖ ಬಿಳಿಚಿಕೊಂಡಿತು. ಅವನಿಗೆ ಅದು ಮಾನದ ಪ್ರಶ್ನೆ. ನನಗೋ, ನಿಜ ಹೇಳುತ್ತೇನೆ, ಹಾಲು ಕುಡಿದಷ್ಟು ಸಂತೋಷವಾಯಿತು. ಹುಡುಗಿ ಇಲ್ಲೇ ಇರಲಿ! ನಮ್ಮಪ್ಪನ ಕಾರೇ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಅಕ್ಕನಿಗೆ ಅದನ್ನೇ ಹೇಳಬೇಕೆಂದು ಕಿಟಕಿಯೊಳಗೆ ಬಗ್ಗಿದೆ. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಹಣೆಗೆ ಕಟ್ಟಿದ ಹೂದಂಡೆಯ ಕೆಳಗೆ ಅವಳ ಎಡಗಣ್ಣು ಮುಚ್ಚಿತ್ತು. ಅಪ್ಪ ಇನ್ನೊಮ್ಮೆ ಕೀಲಿ ತಿರುಗಿಸಿದ, ಅವಳು ಉಸಿರು ಹಿಡಿದು ಕೇಳಿದಳು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಗಿತ್ತು. ನನಗೂ ಗೊತ್ತಾಯಿತು, ಅವಳಿಗೆ ಗೊತ್ತಾದದ್ದು. ಮದುಮಗಳು ಎಲ್ಲರೆದುರು ಬಾಯಿ ಬಿಡುವಂತಿರಲಿಲ್ಲ, ಇಳಿಯುವಂತೆಯೂ ಇರಲಿಲ್ಲ. ಅವಳು ಸುಮ್ಮನೆ ಕೂತಿದ್ದರೆ ಸಾಕಿತ್ತು, ಆ ದಿನ ಇಲ್ಲೇ ಉಳಿಯುತ್ತಿದ್ದಳು. ನನ್ನ ಬೆರಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ನನ್ನ ಕಿವಿ ಎಳೆದುಕೊಂಡು ಪಿಸುಗುಟ್ಟಿದಳು.

"ಅಪ್ಪಗ ಹೇಳು. ಕಾರು ಕಾದು ಕೆಂಡ ಆಗ್ಯಾದ, ಪೆಟ್ರೋಲು ಮ್ಯಾಲೆ ಏರವಲ್ದು. ಎಂಜಿನ್ನಿನ ಬಾಜೂಕ ಸಣ್ಣ ಪಂಪು ಅದ ನೋಡು, ಅದಕ್ಕ ಹಸಿ ಅರಿವಿ ಸುತ್ತು ಅನ್ನು. ಚೋಕ್ ಎಳೀಬ್ಯಾಡ ಅನ್ನು."

"ನಾ ಹೇಳಾಂಗಿಲ್ಲ."

"ತಂಗೀ."

"ಹೇಳಾಂಗಿಲ್ಲ ಹೋಗು. ಇವತ್ತ ಇಲ್ಲೇ ಇರು. ಅವರೇ ಇರು ಅಂದಾರ."

ಅಕ್ಕನ ಕಣ್ಣಿನಿಂದ ನೀರು ಪಟಪಟ ಉದುರಿತು. "ಅಪ್ಪನ ಮಾರಿ ನೋಡಲ್ಲಿ," ಎಂದಳು. "ಇವತ್ತ ಉಳದ್ರ ನಾ ಮುಂದ ಹೋಗಾಕ ಆಗಾಂಗಿಲ್ಲ ತಂಗಿ. ನನ್ನಿಂದ ಆಗಾಂಗಿಲ್ಲ. ಲಗೂ ಹೋಗು."

ನಾನು ಅಪ್ಪನ ಕಡೆ ನೋಡಿದೆ. ಬಾನೆಟ್ಟಿನ ಮೇಲೆ ಎರಡೂ ಕೈಯೂರಿ, ಕೇಳಿದರೆ ಕೊಡುತ್ತದೆಯೋ ಎಂಬಂತೆ ಎಂಜಿನ್ನನ್ನೇ ನೋಡುತ್ತ ನಿಂತಿದ್ದ. ಅಷ್ಟು ಸಣ್ಣವನಾಗಿ ನಾನು ಅವನನ್ನು ಯಾವತ್ತೂ ನೋಡಿರಲಿಲ್ಲ. ಹೋದೆ. ಅವನ ಧೋತರ ಜಗ್ಗಿ, ಅಕ್ಕ ಹೇಳಿದ್ದನ್ನು ಹಾಗೆ ಹಾಗೇ ಹೇಳಿದೆ. ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬಂತು. ಅಪ್ಪ ಹಣೆ ಹಣೆ ಬಡಿದುಕೊಂಡ. ಬೇಸಿಗೆಯಲ್ಲಿ ದಿನಾ ತಾನೇ ಮಾಡುವ ಕೆಲಸ, ಆ ಗಾಬರಿಯಲ್ಲಿ ಮರೆತಿದ್ದ. ಅವ್ವ ಕೊಡದ ನೀರಿನಲ್ಲಿ ಟವೆಲ್ ಅದ್ದಿ ತಂದಳು. ಸುತ್ತಿದ ಕೂಡಲೇ ಪಂಪಿನಿಂದ ಚುಂಯ್ ಎಂದು ಹಬೆ ಎದ್ದಿತು. ಇನ್ನೊಂದು ಕೊಡ ನೀರು ಸುರಿದು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದರು. ಅಪ್ಪ ಕೂತು, ಚೋಕ್ ಮುಟ್ಟದೆ, ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಹತ್ತಿತು.

ಹಂದರದವರೆಲ್ಲ ಹೋ ಎಂದರು, ಭಜಂತ್ರಿಯವರು ಊದಿದರು. ಅಪ್ಪ ಹಿಂತಿರುಗಿ ಅಕ್ಕನನ್ನು ನೋಡಿದ, ಅಕ್ಕ ಅಪ್ಪನನ್ನು ನೋಡಿದಳು. ಅವಳ ಬೆರಳು ನನ್ನ ಕೈಯಿಂದ ಜಾರಿತು. ನಾನು ಗುಡಿಯ ಇಳಿಜಾರಿನವರೆಗೆ ಕಾರಿನ ಹಿಂದೆ ಓಡಿದೆ. ಆಮೇಲೆ ಬರೀ ಧೂಳು. ಮನೆಗೆ ಬಂದು ಖಾಲಿ ಕೊಟ್ಟಿಗೆಯಲ್ಲಿ ಗೋದಲಿಗೆ ಒರಗಿ ಕೂತು ಅತ್ತೆ. ಆಯಿ ಬಂದು ಪಕ್ಕದಲ್ಲಿ ಕೂತಳು, ಅವಳೂ ಅತ್ತಳು.

ಆಮೇಲಿನ ಬೆಳಗುಗಳ ಬಗ್ಗೆ ಏನು ಹೇಳಲಿ. ಅಪ್ಪ ಬೈಯುವುದನ್ನು ಬಿಟ್ಟ. ಯಾರ ಪುಣ್ಯವೋ, ಕಾರು ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗತೊಡಗಿತು. ಅಂಥ ದಿನಕ್ಕಾಗಿ ಅವ್ವ ಹರಕೆ ಹೊತ್ತಿದ್ದಳು. ಈಗ ಅಂಥ ದಿನ ಬಂದರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು. ತಟ್ಟೆ ಹಾಕುವಾಗ ಅಕ್ಕನದೂ ಹಾಕಿ, ಮತ್ತೆ ತೆಗೆದಿಡುತ್ತಿದ್ದಳು. ನನ್ನ ಜಡೆ ಅವ್ವ ಹಾಕಿದರೆ ಸಡಿಲ, ಆಯಿ ಹಾಕಿದರೆ ವಾರೆ. ಪಂಚಮಿ ಇನ್ನೂ ಬಹಳ ದೂರವಿತ್ತು.

ಒಂದು ದಿನ ಅಪ್ಪ ಎಂಜಿನ್ ಚಾಲೂ ಮಾಡಿ ಎಲ್ಲಿಗೂ ಹೊರಡದೆ ಕೂತೇ ಇದ್ದ. ನನ್ನನ್ನು ಕರೆದ.

"ಸಣ್ಣವ್ವಾ, ಕೇಳಿಲ್ಲೆ. ಏನರ ಸದ್ದು ಬರಾಕತ್ತಾದೇನು?"

ನಾನು ಬಾನೆಟ್ಟಿಗೆ ಕಿವಿ ಹಚ್ಚಿದೆ. ಎಂಜಿನ್ನು ತನ್ನ ಪಾಡಿಗೆ ತಾನು ತಣ್ಣಗೆ ಓಡುತ್ತಿತ್ತು. ತಲೆಯೆತ್ತಿ ಅಪ್ಪನ ಮುಖ ನೋಡಿದೆ.

"ಹೌದಪ್ಪ. ಏನೋ ಬರಾಕತ್ತಾದ," ಎಂದೆ.

"ನನಗೂ ಹಂಗ ಅನಸಾಕತ್ತಿತ್ತು. ಬಿಡಬಾರದು ಇದನ್ನ. ನೀಲಾಗ ಒಮ್ಮೆ ಕೇಳಸಬೇಕು. ನಡಿ, ಹತ್ತು."

ಅವ್ವ ಒಳಗಿನಿಂದ ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತಂದು ನನ್ನ ತೊಡೆಯ ಮೇಲಿಟ್ಟಳು.

ಸುರಪುರದಲ್ಲಿ ಅಕ್ಕನ ಅತ್ತೆ ಬಾಗಿಲಿಗೆ ಬಂದು ಹುಬ್ಬು ಗಂಟಿಕ್ಕಿದಳು. "ಏನ್ರಿ ಬೀಗರ, ಇಷ್ಟು ಲಗೂ?"

"ಏನಿಲ್ರಿ, ಕಾರಿನ್ಯಾಗ ಒಂದು ಸದ್ದು ಬರಾಕತ್ತಾದ. ಖಾಜಾನಿಗೂ ತಿಳೀವಲ್ದು. ಮಗಳಿಗೆ ಕೇಳಿಸಿಕೊಂಡು ಹಂಗೇ ಹೋಗ್ತೀವ್ರಿ," ಎಂದು ಅಪ್ಪ ಕಾರಿನ ಪಕ್ಕದಲ್ಲೇ ನಿಂತುಕೊಂಡ. ಖಾಜಾ ಮಾಮಾನನ್ನು ಅವನು ಕೇಳಿಯೇ ಇರಲಿಲ್ಲ.

ಅತ್ತೆ ಒಳಗೆ ತಿರುಗಿ ಕರೆದಳು. ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದಳು, ಕೈಗೆ ಇನ್ನೂ ಹಸಿರು ಬಳೆ. ನನ್ನನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದೆ ತುಟಿ ಕಚ್ಚಿಕೊಂಡಳು. ಅಪ್ಪ ಬಾನೆಟ್ ತೆರೆದ. ಅಕ್ಕ ಬಗ್ಗಿ ಕೇಳಿದಳು. ಬಹಳ ಹೊತ್ತು ಕೇಳಿದಳು. ಅಷ್ಟು ನಯವಾಗಿ ಆ ಎಂಜಿನ್ನು ಯಾವತ್ತೂ ಓಡಿರಲಿಲ್ಲ, ಮೂವರಿಗೂ ಅದು ಗೊತ್ತಿತ್ತು.

"ಹೌದಪ್ಪ, ಬರಾಕತ್ತಾದ," ಎಂದಳು ಅಕ್ಕ. "ಒಮ್ಮಿಗೇ ತಿಳಿಯಾಂಗಿಲ್ಲ ಇದು. ಇನ್ನೊಮ್ಮೆ ಕೇಳಬೇಕು."

ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಏನನ್ನೋ ಬಿಗಿಯುವವನಂತೆ ನಿಂತ. ತಲೆಯೆತ್ತಲೇ ಇಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅಕ್ಕನ ಅತ್ತೆ ಸ್ವಲ್ಪ ಹೊತ್ತು ಮೂವರನ್ನೂ ನೋಡಿದಳು.

"ಹಳೀ ಗಾಡಿ ಬಿಡ್ರಿ ಬೀಗರ, ಒಂದು ಸದ್ದು ಹೋದ್ರ ಇನ್ನೊಂದು ಬರ್ತದ," ಎಂದಳು. "ವಾರಕ್ಕೊಮ್ಮೆ ತಂದು ಕೇಳಸ್ರಿ."